ಚೆಂಡು

ಚೆಂಡು (ನಾಮಪದ)

ರಗ್ಬಿಯನ್ನೂ ಅಮೆರಿಕನ್ ಫುಟ್‌ಬಾಲನ್ನೂ ಕೆಲವರು ‘ಕಾಲ್ಚೆಂಡು’ ಎಂದೇ ಬರೆಯುತ್ತಾರೆ. ಆದರೆ ಚೆಂಡು ಎಂಬ ಪದದ ತಿರುಳು ಗುಂಡಗಿರುವುದು. ಹಿರಿಯೂರಿನ ಸಂತೆಯಲ್ಲಿ ಮಾರಿನ ಲೆಕ್ಕದಲ್ಲಿ ಕೊಳ್ಳುವ ಚೆಂಡುಹೂವಿಗೆ ಆ ಹೆಸರು ಬಂದದ್ದು ಅದರಿಂದಲೇ. ತೆಲುಗರ ಬಂತಿಪೂವೂ ಹಾಗೆಯೇ, ಬಂತಿ ಎಂದರೆ ಚೆಂಡು. ತಮಿಳು, ತೆಲುಗು, ತುಳುಗಳಲ್ಲೂ ಚೆಂಡು ಉಂಟು, ಮರಾಠಿಯಲ್ಲಿ ಚೇಂಡೂ. ಸಂಸ್ಕೃತದ ಕಂದುಕ ನಮ್ಮಲ್ಲಿ ಪುಸ್ತಕದಲ್ಲೇ ಉಳಿಯಿತು. ‘ರುಂಡ ಚೆಂಡಾಡಿದ’ ಎನ್ನುವಾಗ ಪದ ಯುದ್ಧಕ್ಕೂ ಇಳಿಯುತ್ತದೆ.

ಬಂಟ್ವಾಳ ತಾಲ್ಲೂಕಿನ ಪೊಳಲಿ ಜಾತ್ರೆಯಲ್ಲಿ ದೊಡ್ಡ ಚರ್ಮದ ಚೆಂಡಿಗಾಗಿ ಎರಡು ಗುಂಪುಗಳು ಐದು ದಿನ ಸೆಣಸುತ್ತವೆ. ಆಟದ ಹೆಸರೂ ಚೆಂಡು! ಇಂಗ್ಲೆಂಡಿನ ಹಳ್ಳಿಗಳ ಇಂಥದೇ ನೂಕಾಟದಿಂದ ರಗ್ಬಿ ರೂಪುಗೊಂಡಿತು. 1874ರಲ್ಲಿ ಕೆನಡಾದ ಮೆಕ್‌ಗಿಲ್ ವಿದ್ಯಾರ್ಥಿಗಳು ಅದನ್ನು ಹಾರ್ವರ್ಡ್‌ನಲ್ಲಿ ಆಡಿ ತೋರಿಸಿದರು. ಅಮೆರಿಕನ್ನರು ಅದನ್ನು ತಮ್ಮದಾಗಿಸಿಕೊಂಡು ತಿದ್ದಿ ಅಮೆರಿಕನ್ ಫುಟ್‌ಬಾಲ್ ಮಾಡಿಕೊಂಡರು, 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲೂ ಒಪ್ಪಿದರು. ರಗ್ಬಿಯಲ್ಲಿ ಇಂದಿಗೂ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಅಣ್ಣತಮ್ಮಂದಿರಂಥ ಈ ಎರಡು ಆಟಗಳು ಬೇರೆಯಾಗುವುದು ಇಲ್ಲೇ.

ಎರಡರಲ್ಲೂ ಚೆಂಡು ಮೊಟ್ಟೆಯಾಕಾರದ್ದು, ಹೆಚ್ಚು ಹೊತ್ತು ಇರುವುದು ಕೈಯಲ್ಲಿ. ದಯವಿಟ್ಟು ಅವನ್ನು ಕಾಲ್ಚೆಂಡು ಎನ್ನಬೇಡಿ. ರಗ್ಬಿಯನ್ನು ರಗ್ಬಿ ಎಂದೇ ಬರೆಯಿರಿ.