ಕಣ್ಪಾಪೆ

ಮಡಿಲಲ್ಲಿರುವ ಮಗುವಿನ ಕಣ್ಣನ್ನು ಹತ್ತಿರದಿಂದ ನೋಡಿ: ಕರಿ ಬೊಟ್ಟಿನ ಮೇಲೆ ನಿಮ್ಮದೇ ಪುಟ್ಟ ಬೊಂಬೆ. ‘ಪಾಪೆ’ ಎಂದರೆ ಬೊಂಬೆಯೇ. ತಮಿಳಿನ ‘ಪಾವೈ’ ಇದರ ನಂಟ. ಅದಕ್ಕೂ ಬೊಂಬೆ, ಕಣ್ಪಾಪೆ ಎರಡೂ ಅರ್ಥ. ಲ್ಯಾಟಿನ್ನಿನ ‘ಪ್ಯೂಪಿಲ್ಲ’, ಸಂಸ್ಕೃತದ ‘ಕನೀನಿಕಾ’ ಕೂಡ ಪುಟ್ಟ ಹುಡುಗಿಯರೇ. ಎಲ್ಲರೂ ಕಂಡದ್ದು ಒಂದನ್ನೇ!

ಮಕ್ಕಳನ್ನು ‘ಕಣ್ಪಾಪೆಯಂತೆ ಸಾಕಿದೆ’ ಎನ್ನುತ್ತೇವೆ. ಅಸಲಿಗೆ ಪಾಪೆ ಬರೀ ತೂತು. ಒಳಹೊಕ್ಕ ಬೆಳಕು ಹಿಂದಿರುಗುವುದು ತೀರಾ ಕಡಿಮೆ, ಅದಕ್ಕೇ ಕಪ್ಪು. ಬೊಂಬೆ ಮೂಡಿಸುವುದು ಅದರ ಮುಂದಿರುವ ಕಾರ್ನಿಯಾ. ಒಳಗೆ ರೆಟಿನಾದ ಮೇಲೆ ಬೀಳುವ ಚಿತ್ರವೋ, ತಲೆಕೆಳಗು. ಅಲ್ಲಿಂದ ಸುಮಾರು 10 ಲಕ್ಷ ನರತಂತುಗಳು ಹೊರಡುತ್ತವೆ. ಅರ್ಧಕ್ಕಿಂತ ತುಸು ಹೆಚ್ಚು ತಂತುಗಳು ನಡುವೆ ಎದುರು ಬದಿಗೆ ದಾಟಿಕೊಳ್ಳುತ್ತವೆ. ಮಿದುಳಿನೊಳಗಿನ ಥಲಾಮಸ್ ಹಾದ ಸುದ್ದಿ ಕೊನೆಗೆ ಮುಟ್ಟುವುದು ಹಿಂದಲೆಗೆ, ತುರುಬು ಕಟ್ಟುವ ಜಾಗದ ಹತ್ತಿರಕ್ಕೆ.