ಜಾರ್ಜ್ ರಿವರ್ ಕ್ಯಾರಿಬೂ: ಹಿಂಡಿನ ಕುಸಿತ ಮತ್ತು ಬೇಟೆಗಾರರು

ಜಾರ್ಜ್ ರಿವರ್ ಹಿಂಡು ಎಂದರೆ ಕೆನಡಾದ ಕ್ವಿಬೆಕ್–ಲ್ಯಾಬ್ರಡಾರ್ ಸೀಮೆಯಲ್ಲಿ ವಲಸೆ ಹೋಗುವ ಹಿಮಸಾರಂಗಗಳ (ಕ್ಯಾರಿಬೂ) ಹಿಂಡು. 1990ರ ದಶಕದ ಆರಂಭದಲ್ಲಿ ಏಳು ಲಕ್ಷ ಮೀರಿದ್ದ ಇದರ ಸಂಖ್ಯೆ 2018ರ ಗಣತಿಯ ವೇಳೆಗೆ ಸುಮಾರು 5,500ಕ್ಕೆ ಇಳಿಯಿತು. 2013ರಲ್ಲಿ ಲ್ಯಾಬ್ರಡಾರ್‌ನಲ್ಲಿ ಈ ಹಿಂಡಿನ ಬೇಟೆ ನಿಷೇಧವಾಯಿತು. ಆಗ ಕರಾವಳಿಯ ಮೂಲನಿವಾಸಿಗಳಾದ ಇನೂಯಿಟ್ ಕುಟುಂಬಗಳು ಕ್ಯಾರಿಬೂ ಬದಲಿಗೆ ಸೀಲ್, ಆರ್ಕ್ಟಿಕ್ ಚಾರ್ ಮೀನು, ಹಿಮಕೋಳಿ, ಮೂಸ್ (ದೊಡ್ಡ ಜಾತಿಯ ಜಿಂಕೆ) ಇವನ್ನು ಹೆಚ್ಚಾಗಿ ನೆಚ್ಚಿಕೊಂಡವು. ಆದರೆ ಮೂಸ್ ಸಾಮಾನ್ಯವಾಗಿ ಒಂಟಿ ಪ್ರಾಣಿ. ಕಾಡಿನ ಪೊದೆಗಳಲ್ಲಿ, ಜೌಗಿನಲ್ಲಿ ಮೇಯುತ್ತದೆ. ಬಯಲಿನಲ್ಲಿ ಹಿಂಡಿನ ಜಾಡು ಹಿಡಿಯುವ ಅನುಭವ ಮೂಸ್ ಬೇಟೆಯಲ್ಲಿ ಅಷ್ಟಾಗಿ ಒದಗದು. ಊಟಕ್ಕೆ ಬೇರೆ ಮಾಂಸ ಸಿಕ್ಕಿತು, ನಿಜ. ಹಿರಿಯರೊಂದಿಗೆ ಹಿಮಬಯಲಿಗೆ ಹೋಗಿ ಕ್ಯಾರಿಬೂ ಬೇಟೆ ಕಲಿಯುವ ಅವಕಾಶ ಮಾತ್ರ ಎಳೆಯರಿಗೆ ತಪ್ಪಿತು. ಈ ನಷ್ಟ ಮಾಂಸದ ಕೊರತೆಗಿಂತ ದೊಡ್ಡದು. ಹಿಂಡನ್ನು ಉಳಿಸಲು ಪ್ರದೇಶದ ಮೂಲನಿವಾಸಿ ಸಮುದಾಯಗಳು 2013ರಲ್ಲಿ ಜಂಟಿ ವೇದಿಕೆಯೊಂದನ್ನು ಕಟ್ಟಿಕೊಂಡವು.