ಬೂಟು ಬಿಚ್ಚಿ ಒಳಗೆ ಬನ್ನಿ: ಕೂಕಟ್‌ಪಲ್ಲಿಯಿಂದ ನಿಜಾಮರ ದರ್ಬಾರಿನವರೆಗೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ತಿದ್ದಿ, ಒಂದೆರಡು ಕಡೆ ಉದ್ದ ಮಾಡಿ ಇಲ್ಲಿ ಹಾಕಿದ್ದೀನಿ. ಮೆಟ್ರೋದಲ್ಲಿ ನಿಂತ್ಕೊಂಡು ಓದೋರಿಗೆ ಅನುಕೂಲ ಆಗಲಿ ಅಂತ.

ವಿಷಯ ಶುರುವಾಗಿದ್ದು ಕೂಕಟ್‌ಪಲ್ಲಿಯಲ್ಲಿ, ಕೆಪಿಎಚ್‌ಬಿ ಕಾಲೊನಿಯ ಒಂದು ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ. ಕಲಬುರಗಿ ಕಡೆಯ ಹುಡುಗ, ಬಿ.ಇ. ಕೊನೇ ವರ್ಷ. ಹೈಟೆಕ್ ಸಿಟಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. "ಅಣ್ಣಾ, ಸೋಮವಾರದಿಂದ ಸುರು ಅದ. ಫಾರ್ಮಲ್ ಬೂಟ್ ಹಾಕ್ಕೊಂಡ್ ಬರ್ರಿ ಅಂತ ಮೇಲ್ ಬಂದದ. ಯಾವುದ್ ತಗೊಳ್ಲಿ?" ನಾನು ಕಪ್ಪು ತಗೋ ಅಂದೆ. ಆಮೇಲೆ ಅವನು ಸುಮ್ಮನೆ ಒಂದು ಮಾತು ಸೇರಿಸಿದ: "ನಮ್ ಮುತ್ಯಾ ಊರಾಗ ಗೌಡರ ಓಣ್ಯಾಗ ಕೆರಾ ಕೈಯಾಗ ಹಿಡ್ಕೊಂಡು ಹೋಗ್ತಿದ್ನಂತ. ನನಗ ಕಂಪನಿಯವ್ರೇ ಬೂಟ್ ಹಾಕ್ಕೊಂಡ್ ಬಾ ಅಂತಾರ ನೋಡ್ರಿ." ನಗ್ತಾ ಹೇಳಿದ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿಂದ ಹುಡುಕಿ ಓದಿದ್ದೇ ಈ ಲೇಖನ.

ನಾವಿರೋ ಈ ಹೈದರಾಬಾದಿನಲ್ಲೇ ಬೂಟಿನ ಮೇಲೆ ದೊಡ್ಡ ರಾಜಕೀಯ ನಡೆದಿದೆ. ಕೋಠಿಯಲ್ಲಿ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿ ದೊಡ್ಡ ಕಂಬಗಳ ಬಿಳೀ ಕಟ್ಟಡ ನೋಡಿರ್ತೀರಿ, ಅದು ಹಳೇ ಬ್ರಿಟಿಷ್ ರೆಸಿಡೆನ್ಸಿ. ಅಲ್ಲಿಂದ ರೆಸಿಡೆಂಟ್ ಸಾಹೇಬರು ನಿಜಾಮರನ್ನ ನೋಡೋಕೆ ಹೋಗ್ತಿದ್ದರು. ಹೋದಾಗ ಏನು ಮಾಡಬೇಕಿತ್ತು ಗೊತ್ತಾ? ಬೂಟು ಬಿಚ್ಚಿಟ್ಟು, ಒಳಗೆ ಹೋಗಿ, ನೆಲದ ಮೇಲೆ ಕೂತ್ಕೋಬೇಕಿತ್ತು. ಸೈನ್ಯ ಇವರದ್ದು, ಒಪ್ಪಂದ ಬರೆಯೋರು ಇವರು, ದುಡ್ಡಿನ ಲೆಕ್ಕ ಇವರ ಕೈಯಲ್ಲಿ. ಆದರೂ ದರ್ಬಾರಿನ ಬಾಗಿಲಲ್ಲಿ ಬರೀ ಕಾಲ್ಚೀಲ. ಬಿಗಿ ಪ್ಯಾಂಟು ಹಾಕಿದ ದಪ್ಪ ಅಧಿಕಾರಿಗಳು ಚಕ್ಕಳಮಕ್ಕಳ ಹಾಕಿ ಕೂರೋಕೆ ಒದ್ದಾಡಿದ್ದನ್ನ ಊಹಿಸಿಕೊಂಡರೆ ನಗು ಬರುತ್ತೆ.

ಇದು ನಿಂತಿದ್ದು 1869ರಲ್ಲಿ. ಐದನೇ ನಿಜಾಮ ಅಫ್ಜಲ್‌ ಉದ್‌ ದೌಲಾ ತೀರಿಕೊಂಡರು. ಮಗ ಮಹಬೂಬ್ ಅಲಿ ಖಾನ್‌ಗೆ ಆಗ ಎರಡೂವರೆ ವರ್ಷ. ಎರಡೂವರೆ ವರ್ಷದ ಕೂಸು "ಬೂಟು ಬಿಚ್ಚಿ" ಅಂತ ಯಾರಿಗೆ ಹೇಳೀತು? ಅದೇ ಸಮಯ ನೋಡಿ ರೆಸಿಡೆಂಟ್ ಸಾಂಡರ್ಸ್, ಇನ್ನು ಮೇಲೆ ನಾವು ಬೂಟು ಬಿಚ್ಚಲ್ಲ, ನೆಲದ ಮೇಲೆ ಕೂರಲ್ಲ, ಕುರ್ಚಿ ಹಾಕಿ ಅಂದ. ದಿವಾನರಾಗಿದ್ದ ಸಾಲಾರ್ ಜಂಗ್ ಒಪ್ಪಲೇಬೇಕಾಯ್ತು. ಪಟ್ಟಾಭಿಷೇಕದ ದಿನ ಬ್ರಿಟಿಷರು ಬೂಟು ಹಾಕ್ಕೊಂಡೇ ಕುರ್ಚಿ ಮೇಲೆ ಕೂತರು. ಒಂದು ಗುಂಡು ಹಾರಿಸದೆ ಗೆದ್ದ ಯುದ್ಧ ಅದು.

(ಅದೇ ಕೂಸು ದೊಡ್ಡವನಾದ ಮೇಲೆ ಬಟ್ಟೆಬರೆಯ ಶೋಕಿಗೆ ಹೆಸರಾದ. ಪುರಾನಿ ಹವೇಲಿಯ ಮ್ಯೂಸಿಯಂನಲ್ಲಿ ಆತನ ಉದ್ದಾನುದ್ದ ವಾರ್ಡ್‌ರೋಬ್ ಇದೆ, ಒಂದು ಭಾನುವಾರ ಹೋಗಿ ಬನ್ನಿ. ಆತ ಕೊಂಡಿದ್ದ ಜೇಕಬ್ ವಜ್ರ, ತೀರಿಹೋದ ಮೇಲೆ ಮಗ ಉಸ್ಮಾನ್ ಅಲಿ ಖಾನ್‌ಗೆ ಸಿಕ್ಕಿದ್ದು ಅಪ್ಪನ ಜೋಡಿನ ತುದಿಯೊಳಗೆ ಅಂತ ಹೇಳ್ತಾರೆ. ಮಗ ಅದನ್ನ ಪೇಪರ್‌ವೇಟ್ ಮಾಡಿಕೊಂಡ. 184 ಕ್ಯಾರೆಟ್ ದಾಟಿದ ವಜ್ರ!)

ಈಗ ನಾಣ್ಯದ ಇನ್ನೊಂದು ಮುಖ ನೋಡಿ. ಬ್ರಿಟಿಷರ ಆಫೀಸಿಗೆ ನಮ್ಮವರು ಹೋದಾಗ ಏನಾಗ್ತಿತ್ತು? 1823ರಿಂದ 1828ರವರೆಗೆ ಗವರ್ನರ್ ಜನರಲ್ ಆಗಿದ್ದ ಆಮ್ಹರ್ಸ್ಟ್, ನನ್ನೆದುರು ಬರುವ ಭಾರತೀಯರು ಪಾದರಕ್ಷೆ ಬಿಚ್ಚಬೇಕು ಅಂದಿದ್ದ. ಆಗ ಅದು ಅಷ್ಟು ಬಿಗಿಯಾಗಿ ನಡೀಲಿಲ್ಲ. ಡಾಲ್‌ಹೌಸಿ ಕಾಲಕ್ಕೆ ಬಿಗಿಯಾಯ್ತು: ಸರ್ಕಾರಿ ಕಟ್ಟಡದೊಳಗೆ ಕಾಲಿಡೋ ಮೊದಲು ಚಪ್ಪಲಿ ಹೊರಗೆ. ಯುರೋಪಿಯನ್ ಉಡುಪು ಹಾಕಿದ್ದರೆ ಮಾತ್ರ ವಿನಾಯಿತಿ. ಅಂದ್ರೆ ಮೋಚಿ ಹೊಲಿದ ನಾಡ ಜೋಡು ಬಾಗಿಲಲ್ಲಿ ಬಿಡಬೇಕು, ವಿಲಾಯಿತಿ ಬೂಟಾದರೆ ಒಳಗೆ ಬರಬಹುದು. ನಮ್ಮ ಇವತ್ತಿನ "ಫಾರ್ಮಲ್ ಶೂ" ಅನ್ನೋ ಪದದ ಒಂದು ಬೇರು ಇಲ್ಲಿದೆ ಅಂತ ನನಗನಿಸುತ್ತೆ.

1862ರಲ್ಲಿ ಸೂರತ್ತಿನ ಕೋರ್ಟಿನಲ್ಲಿ ಮಾಣಿಕ್‌ಜಿ ಕಾವಸ್‌ಜಿ ಎಂಟಿ ಅನ್ನೋ ಅಸೆಸರ್, ಸೆಷನ್ಸ್ ಜಡ್ಜ್ ಮುಂದೆ ಬೂಟು ಬಿಚ್ಚಲ್ಲ ಅಂದರು. ಬಿಚ್ಚೋದು ನಿಮ್ಮದೇ ಪದ್ಧತಿ ಅಲ್ವಾ ಅಂದ ಜಡ್ಜ್. ಇವರು ಜಗ್ಗಲಿಲ್ಲ. ಒಳಗೆ ಬಿಡಲಿಲ್ಲ, ಬಾಂಬೆ ಗವರ್ನರಿಗೆ ಪತ್ರ ಬರೆದರು. ಆ ಗಲಾಟೆಯಲ್ಲಿ ನಮ್ಮವರು ಮುಂದಿಟ್ಟ ವಾದ ಬಹಳ ಚೆನ್ನಾಗಿದೆ. ಮನೇಲಿ ಬಿಚ್ಚೋದು ಬೀದಿ ಕೊಳೆ ಒಳಗೆ ಬರಬಾರದು ಅಂತ, ದೇವಸ್ಥಾನದಲ್ಲಿ ಬಿಚ್ಚೋದು ಮಡಿ ಅಂತ. ಕೋರ್ಟು ಮನೆಯೂ ಅಲ್ಲ, ದೇವಸ್ಥಾನವೂ ಅಲ್ಲ, ಸಾರ್ವಜನಿಕ ಜಾಗ.

ಒಮ್ಮೆ ಎರಡನ್ನೂ ಪಕ್ಕಪಕ್ಕ ಇಡಿ. ಸೂರತ್ತಿನಲ್ಲಿ "ನಿಮ್ಮ ಪದ್ಧತಿ, ಬಿಚ್ಚಿ". ಏಳು ವರ್ಷದ ನಂತರ ಹೈದರಾಬಾದಿನಲ್ಲಿ "ನಮ್ಮ ಪದ್ಧತಿ ಬೇರೆ, ಬಿಚ್ಚಲ್ಲ". ಎರಡೂ ಕಡೆ ಮಾತಾಡಿದ್ದು ಪದ್ಧತಿ ಅಲ್ಲ, ಕುರ್ಚಿ.

ಆದರೆ ಬ್ರಿಟಿಷರನ್ನ ಬೈದು ಇಲ್ಲಿಗೇ ಮುಗಿಸಿದರೆ ಆ ಹುಡುಗನ ಮುತ್ಯಾನಿಗೆ ಮೋಸ ಮಾಡಿದ ಹಾಗೆ. ಮೇಲ್ಜಾತಿಯವರ ಓಣಿಯಲ್ಲಿ ದಲಿತರು ಚಪ್ಪಲಿ ಮೆಟ್ಟಿ ನಡೀಬಾರದು ಅನ್ನೋ ಕಟ್ಟಳೆಯನ್ನ ಲಂಡನ್ನಿನಿಂದ ಯಾರೂ ತಂದಿರಲಿಲ್ಲ. ಅದನ್ನ ಹೊಲಿದುಕೊಟ್ಟವರಿಗೇ ಅದನ್ನ ಮೆಟ್ಟೋ ಹಕ್ಕಿರಲಿಲ್ಲ.

ಕೂಕಟ್‌ಪಲ್ಲಿಯ ಮಧ್ಯದಲ್ಲೇ ಹೋಗೋ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದ್, ಹುಮನಾಬಾದ್ ದಾಟಿದರೆ ಬಸವಕಲ್ಯಾಣ ಬರುತ್ತೆ. 1948ರವರೆಗೆ ಅದೂ ನಿಜಾಮರ ರಾಜ್ಯದ್ದೇ. 12ನೇ ಶತಮಾನದಲ್ಲಿ ಅಲ್ಲಿದ್ದ ಸಮಗಾರ ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ಇವರು ಶರಣು ಅಂದರೆ ಬಸವಣ್ಣನವರು ಶರಣು ಶರಣಾರ್ಥಿ ಅಂದರು, ಒಂದು ಶರಣು ಹೆಚ್ಚಾಯ್ತು ಅಂತ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಕೊಟ್ಟರು, ಬಸವಣ್ಣ ಅದನ್ನ ಮೆಟ್ಟದೆ ತಲೆ ಮೇಲೆ ಹೊತ್ತರು. ಇದು ಕಥೆ. ಆದರೆ ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ, ಬಿಜ್ಜಳನ ರಾಜ್ಯದಲ್ಲಿ ಇಬ್ಬರು ಬೀಗರಿಗೂ ಎಳೆಹೂಟೆ ಶಿಕ್ಷೆಯಾಯ್ತು. ತಲೆ ಮೇಲೆ ಹೊತ್ತ ಊರಿನಲ್ಲೇ.

ಇನ್ನು ಹೈದರಾಬಾದಿಗೆ ಬಂದ ಕನ್ನಡದ ಇಂಜಿನಿಯರುಗಳಲ್ಲಿ ಎಲ್ಲರಿಗಿಂತ ಸೀನಿಯರ್ ಯಾರು ಅಂದ್ರೆ ವಿಶ್ವೇಶ್ವರಯ್ಯನವರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಊರನ್ನ ಮುಳುಗಿಸಿದ ಮೇಲೆ, 1909ರಲ್ಲಿ ನಿಜಾಮ್ ಸರ್ಕಾರ ಅವರನ್ನ ಕರೆಸಿತು. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಹುಟ್ಟಿದ್ದು ಅವರ ಯೋಜನೆಯಿಂದ. ಅವರ ಫೋಟೋ ನೋಡಿ: ಕೆಳಗೆಲ್ಲ ವಿಲಾಯಿತಿ ಸೂಟು, ತಲೆ ಮೇಲೆ ಮಾತ್ರ ಮೈಸೂರು ಪೇಟ. ಸಾಹೇಬರ ಮರ್ಯಾದೆಯಲ್ಲಿ ಟೋಪಿ ತೆಗೀಬೇಕು, ಬೂಟು ಇರಬೇಕು. ನಮ್ಮದರಲ್ಲಿ ಪೇಟ ಇರಬೇಕು, ಮೆಟ್ಟು ತೆಗೀಬೇಕು. ಅವರು ಎರಡರಲ್ಲೂ ತೆಗೆಯದೇ ಇರೋ ಅರ್ಧ ಆರಿಸಿಕೊಂಡರು.

ಸರಿ, ಹುಡುಗನ ಪ್ರಶ್ನೆಗೆ ಬರೋಣ. ಭಾನುವಾರ ಸಂಜೆ ಇಬ್ಬರೂ ಅಂಗಡಿಗೆ ಹೋದ್ವಿ. ಬೇಕಂತಲೇ ಸಂಜೆ, ಯಾಕಂದ್ರೆ ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತೆ. ಬೆಳಿಗ್ಗೆ ಸರಿಯಾಗಿ ಕೂತ ಬೂಟು ಸಂಜೆ ಕಚ್ಚುತ್ತೆ.

ಅಂಗಡಿಯವನು ಮೊದಲು ತೋರಿಸಿದ್ದು ಆಕ್ಸ್‌ಫರ್ಡ್. ಲೇಸು ಕಟ್ಟೋ ಎರಡು ಪಟ್ಟಿ ಮುಂಭಾಗದ ಚರ್ಮದ ಅಡಿಗೆ ಹೊಲಿದಿರುತ್ತೆ, ಹಾಗಾಗಿ ಮುಚ್ಚಿದ ಹಾಗೆ ಕಾಣುತ್ತೆ. ಚೆಂದ, ಆದರೆ ಬಿಗಿ. ಡರ್ಬಿಯಲ್ಲಿ ಆ ಪಟ್ಟಿಗಳು ಮೇಲಿರುತ್ತವೆ, ಲೇಸು ಸಡಿಲ ಮಾಡಿದರೆ ಅಗಲವಾಗುತ್ತೆ. ಇದೇ ಜಾತಿಯ ಬ್ಲೂಚರ್ ಅನ್ನೋದರ ಹೆಸರು, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ ವಿರುದ್ಧ ನಿಂತ ಪ್ರಷ್ಯಾದ ಸೇನಾಪತಿ ಬ್ಲೂಷರ್‌ದು. ಸೈನಿಕರು ಬೇಗ ಹಾಕಿ ಬೇಗ ಬಿಚ್ಚಲಿ ಅನ್ನೋ ಲೆಕ್ಕ. ಚಪ್ಪಲಿಯಲ್ಲಿ, ಬರಿಗಾಲಲ್ಲಿ ಬೆಳೆದ ನಮ್ಮ ಪಾದ ಬೆರಳ ಹತ್ತಿರ ಅಗಲ, ನಮಗೆ ಡರ್ಬಿಯೇ ಸರಿ. ಲೋಫರ್ ಕೂಡ ಇದೆ, ಲೇಸಿನ ತಾಪತ್ರಯ ಇಲ್ಲ, ಆದರೆ ಮೊದಲ ದಿನಕ್ಕೆ ಲೇಸ್ ಇರೋದೇ ಇರಲಿ.

ಚರ್ಮ ಅಂತ ಕೊಡೋದು ಎಷ್ಟೋ ಸಲ ರೆಕ್ಸಿನ್. ಬಗ್ಗಿಸಿ ನೋಡಿ: ನಿಜವಾದ ಚರ್ಮದಲ್ಲಿ ಸಣ್ಣ ಸುಕ್ಕು ಬಂದು ಹೋಗುತ್ತೆ, ಇನ್ನೊಂದು ಆರು ತಿಂಗಳಲ್ಲಿ ಸಿಪ್ಪೆ ಏಳುತ್ತೆ. ಅಡಿ ರಬ್ಬರಿನದೇ ಇರಲಿ, ಜುಲೈ ಮಳೆಯಲ್ಲಿ ಜೆಎನ್‌ಟಿಯು ರಸ್ತೆ ಹೇಗಿರುತ್ತೆ ಅಂತ ಗೊತ್ತಲ್ಲ. ಉಂಗುಟದ ಮುಂದೆ ಅರ್ಧ ಬೆರಳು ಜಾಗ, ಹಿಮ್ಮಡಿ ಜಾರಬಾರದು. ಕಾಲ್ಚೀಲ ಪ್ಯಾಂಟಿನ ಬಣ್ಣಕ್ಕೆ ಹತ್ತಿರದ್ದು. ಒದ್ದೆಯಾದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಬಿಸಿಲಿಗಿಡಬೇಡಿ. ದುಬಾರಿಯದ್ದು ಬೇಡ. ಇಂಟರ್ನ್‌ಶಿಪ್ ಶುರುವಾದ ಎರಡನೇ ವಾರಕ್ಕೇ ನಿಮ್ಮ ಟೀಮಿನವರೆಲ್ಲ ಸ್ನೀಕರ್‌ನಲ್ಲಿ ಬರೋದು ಕಾಣಿಸುತ್ತೆ.

ಅವನು ಕಪ್ಪು ಡರ್ಬಿ ತಗೊಂಡ. ಹಾಸ್ಟೆಲ್ಲಿಗೆ ವಾಪಸ್ ಬಂದು ಬಾಗಿಲಲ್ಲಿ ಬಿಚ್ಚಿದ, ಎಲ್ಲರ ಚಪ್ಪಲಿಗಳ ಸಾಲಿನಲ್ಲಿ ಇಟ್ಟ. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದ. "ಇಲ್ಲೇ ಬಿಟ್ರ ಕದೀತಾರಣ್ಣಾ" ಅಂದು, ಕೈಯಲ್ಲಿ ಹಿಡ್ಕೊಂಡು ರೂಮಿಗೆ ಹೋದ.